ಅಮಾನತ್ತಿನ ಗೋರಿ

ಹೂತ ಶವವನ್ನು ಹೊರತೆಗೆದು ಬೇರೆಡೆ ಹೂಳುವುದನ್ನು ಇಸ್ಲಾಮೀ ಧರ್ಮಶಾಸ್ತ್ರಜ್ಞರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಆದರೂ ಮೊಗಲ್ ಮನೆತನದಲ್ಲಿ ಇದು ನಡೆದಿದೆ. 1530ರಲ್ಲಿ ಆಗ್ರಾದಲ್ಲಿ ತೀರಿಕೊಂಡ ಬಾಬರನ ಶವ ಕೆಲವು ವರ್ಷಗಳ ತರುವಾಯ ಕಾಬೂಲನ್ನು ಸೇರಿತು.

ಮುಮ್ತಾಜ್ ಮಹಲಳ ಪ್ರಸಂಗ ಇನ್ನೂ ಸ್ವಾರಸ್ಯಕರವಾದುದು. ಶಹಾಜಹಾನನ ದಖ್ಖನ್ ದಂಡಯಾತ್ರೆಯ ನಡುವೆ, 1631ರ ಜೂನ್‌ನಲ್ಲಿ, ಆಕೆ ಬುರ್ಹಾನಪುರದಲ್ಲಿ ಹೆರಿಗೆಯ ವೇಳೆ ಮಡಿದಳು. ತಪತಿಯ ದಡದ ಜೈನಾಬಾದ್ ತೋಟದಲ್ಲಿ ಅವಳನ್ನು ಹೂಳಲಾಯಿತು. ಡಿಸೆಂಬರಿನಲ್ಲಿ ಶವವನ್ನು ಹೊರತೆಗೆದು, ರಾಜಕುಮಾರ ಶುಜಾನ ಬೆಂಗಾವಲಿನಲ್ಲಿ ಆಗ್ರಾಕ್ಕೆ ಒಯ್ದರು. ಅಲ್ಲಿ ಗೋರಿಯಿನ್ನೂ ಕಟ್ಟಬೇಕಾಗಿದ್ದುದರಿಂದ ತೋಟದಲ್ಲೇ ತಾತ್ಕಾಲಿಕವಾಗಿ ಹೂಳಿದರು. ಈಗಿನ ನೆಲಮಾಳಿಗೆಯದು ಮೂರನೆಯ ಸಮಾಧಿ.

ಮುಂದೆ ಹೊರತೆಗೆಯುವ ಉದ್ದೇಶದಿಂದಲೇ ಹೂಳುವುದಕ್ಕೆ ‘ಅಮಾನತ್’ ಎಂಬ ಹೆಸರುಂಟು: ಮಣ್ಣಿನ ವಶಕ್ಕೆ ಕೊಟ್ಟ ಇಡುಗಂಟು. ನಮ್ಮ ಕಚೇರಿಗಳ ‘ಅಮಾನತ್ತು’ ಇದೇ ಅರಬ್ಬೀ ಪದ. ತಾಜಮಹಲನ್ನು ಕುರಿತು ಬರೆಯುವವರು ಬುರ್ಹಾನಪುರದ ಆ ಆರು ತಿಂಗಳನ್ನು ಒಂದು ವಾಕ್ಯದಲ್ಲಿ ದಾಟಿಬಿಡುವುದು ಸರಿಯಲ್ಲ. ಆಗ್ರಾವೇ ಅಂತಿಮ ನೆಲೆಯೆಂಬ ನಿರ್ಧಾರ ಆದದ್ದು ಆ ಅವಧಿಯಲ್ಲಿಯೇ.