‘ಸೀಡೆಡ್’ ಸೀಮೆಯೊಳಗಿನ ಇಟ್ಟಿಗಿ

ಹಡಗಲಿ ತಾಲ್ಲೂಕಿನ ಇಟ್ಟಿಗಿಯಾಗಲಿ, ಕೂಡ್ಲಿಗಿ, ಹರಪನಹಳ್ಳಿ, ಕೊಟ್ಟೂರುಗಳಾಗಲಿ, 19ನೇ ಶತಮಾನದ ಇಂಗ್ಲಿಷ್ ಬರಹದಲ್ಲಿ ಬಂದಾಗೆಲ್ಲ ಬೆನ್ನಿಗೊಂದು ಮಾತು ಅಂಟಿಕೊಂಡೇ ಬರುತ್ತದೆ: ‘ಸೀಡೆಡ್ ಡಿಸ್ಟ್ರಿಕ್ಟ್ಸ್’, ಅಂದರೆ ಬಿಟ್ಟುಕೊಟ್ಟ ಜಿಲ್ಲೆಗಳು. ಕಂದಾಯದ ವರದಿ, ಕಾಯಿದೆಯ ಪೀಠಿಕೆ, ಸೈನ್ಯದ ಲೆಕ್ಕ, ಅಧಿಕಾರಿಗಳ ಜೀವನಚರಿತ್ರೆ, ಎಲ್ಲ ಕಡೆಯೂ ಇದೇ ಪಟ್ಟಿ. ಕೊಟ್ಟವರು ಯಾರು, ಯಾತಕ್ಕೆ ಕೊಟ್ಟರು, ಕೊಡುವಾಗ ಅದು ಅವರದಾಗಿ ಎಷ್ಟು ಕಾಲವಾಗಿತ್ತು ಎಂಬುದನ್ನು ಆ ಮಾತು ಹೇಳುವುದಿಲ್ಲ. ಇದೇ ಸೀಮೆಯ ಗುಡಿಗಳ ಮುಂದಿನ ದತ್ತಿಶಾಸನಗಳಲ್ಲಿ ದಾನಿ ಯಾರು, ಪಡೆದವರು ಯಾರು, ಹೊಲದ ಎಲ್ಲೆ ಯಾವುದು ಎಂದು ಕಲ್ಲಿನ ಮೇಲೆ ಬಿಡಿಸಿ ಬರೆದಿದ್ದಾರೆ. ಅದಕ್ಕೆ ಹೋಲಿಸಿದರೆ ಈಸ್ಟ್ ಇಂಡಿಯಾ ಕಂಪನಿಯ ಗುಮಾಸ್ತರದು ಬಲು ಚುಟುಕು.

ಆ ಚುಟುಕು ಮಾತಿನ ಹಿಂದಿರುವುದು 1800ರ ಅಕ್ಟೋಬರ್ 12ರ ಹೈದರಾಬಾದ್ ಒಪ್ಪಂದ. ನಿಜಾಮ್ ಅಲಿ ಖಾನ್ ಕಂಪನಿಯ ಎಂಟು ಸಿಪಾಯಿ ಬೆಟಾಲಿಯನ್‌ಗಳನ್ನೂ ಎರಡು ಕುದುರೆ ರೆಜಿಮೆಂಟುಗಳನ್ನೂ ತನ್ನ ರಕ್ಷಣೆಗೆ ಇಟ್ಟುಕೊಳ್ಳಬೇಕು, ಅವುಗಳ ಖರ್ಚಿಗೆ ನಗದಿನ ಬದಲು 1792 ಮತ್ತು 1799ರಲ್ಲಿ ಟಿಪ್ಪುವಿನಿಂದ ತನಗೆ ಬಂದ ಸೀಮೆಯನ್ನು ಬಿಟ್ಟುಕೊಡಬೇಕು ಎಂಬುದು ಅದರ ಸಾರ. ಗಡಿ ನೇರವಾಗಿರಲಿ ಎಂದು ತುಂಗಭದ್ರೆಯನ್ನೇ ಗೆರೆ ಮಾಡಿಕೊಂಡರು. ಹೊಳೆಯಾಚೆಯ ಕೊಪ್ಪಳ ನಿಜಾಮನಿಗೆ ಉಳಿಯಿತು, ಈಚೆಯದೆಲ್ಲ ಕಂಪನಿಗೆ ಬಂತು. ಹೀಗಾಗಿ ಮಹಾದೇವ ದೇವಾಲಯದಿಂದ ಹೆಸರಾದ ಇಟಗಿ ಹೈದರಾಬಾದ್ ಸಂಸ್ಥಾನದಲ್ಲಿ ಉಳಿಯಿತು, ಹಡಗಲಿಯ ಇಟ್ಟಿಗಿ ಮದ್ರಾಸಿನ ಪಾಲಾಯಿತು. ಹರಪನಹಳ್ಳಿಯ ಕತೆ ಇನ್ನೂ ವಿಚಿತ್ರ. ಟಿಪ್ಪು ಬಿದ್ದ ಮೇಲೆ ಅದನ್ನು ಪೇಶ್ವೆಗೆ ಕೊಡುವ ಮಾತಿತ್ತು. ಪೇಶ್ವೆ ಕರಾರಿಗೆ ಒಪ್ಪದೆ ಹೋದದ್ದರಿಂದ ಅದು ನಿಜಾಮನ ಕೈಗೆ ಬಂದು, ವರ್ಷ ಕಳೆಯುವಷ್ಟರಲ್ಲಿ ಕಂಪನಿಗೆ ದಾಟಿತು. ಪಾಳೆಗಾರರು ತಲೆತಲಾಂತರ ಆಳಿದ ನಾಡಿಗೆ ವರ್ಷದ ಮಟ್ಟಿಗೆ ಒಡೆಯನಾದವನ ಹಸ್ತಾಂತರವೇ ಒಂದೂವರೆ ಶತಮಾನದ ಹೆಸರಾಯಿತು.

ಇದು ಬರೀ ಆಡಳಿತದ ಅನುಕೂಲಕ್ಕೆ ಇಟ್ಟ ಹೆಸರು, ಇದರಲ್ಲಿ ಇಷ್ಟೊಂದು ಹುಡುಕುವುದೇನಿದೆ ಎನ್ನಬಹುದು. ಆಕ್ಷೇಪಣೆಯಲ್ಲಿ ಹುರುಳಿದೆ. 1872ರಲ್ಲಿ ಬಳ್ಳಾರಿ ಜಿಲ್ಲೆಯ ಕೈಪಿಡಿ ಬರೆದ ಜಾನ್ ಕೆಲ್ಸಾಲ್, 1904ರ ಗೆಜೆಟಿಯರ್ ಬರೆದ ಡಬ್ಲ್ಯೂ. ಫ್ರಾನ್ಸಿಸ್ ಇಬ್ಬರೂ ಹಿಂದಿನ ಅರಸುಮನೆತನಗಳನ್ನು ಬಲ್ಲವರೇ. ಬಾಗಳಿ, ಕುರುವತ್ತಿ, ಹಿರೇಹಡಗಲಿ, ಮಾಗಳದ ಗುಡಿಗಳ ಕೆತ್ತನೆಯನ್ನು ಅಳೆದು ಬರೆದು 1896ರಲ್ಲಿ ಚಾಲುಕ್ಯ ವಾಸ್ತುವಿನ ಗ್ರಂಥ ತಂದ ಅಲೆಗ್ಸಾಂಡರ್ ರೀ ಕೂಡ ಮದ್ರಾಸ್ ಸರ್ಕಾರದವನೇ. ಆದರೆ ಇದು ಚರಿತ್ರೆಯ ಅಧ್ಯಾಯಗಳ ಮಾತು. ಸರ್ಕಾರ ನಡೆಯುತ್ತಿದ್ದುದು ಕಂದಾಯದ ಕಡತದಿಂದ, ಆ ಕಡತದಲ್ಲಿ ಕಾಲ ಶುರುವಾಗುತ್ತಿದ್ದುದು 1800ರಿಂದ. ಆ ವರ್ಷ ಮುಖ್ಯ ಕಲೆಕ್ಟರಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದ. ಅವನ ವರದಿಗಳಲ್ಲಿ ಪಾಳೆಗಾರರು ಅಡಗಿಸಬೇಕಾದ ಪುಂಡರಾಗಿಯೇ ಹೆಚ್ಚು ಕಾಣುತ್ತಾರೆ. ಜರಿಮಲೆ, ಗುಡೇಕೋಟೆಯವರು ಕೆರೆಕಟ್ಟೆ, ಕೋಟೆ, ಸಂತೆಗಳನ್ನು ನಡೆಸಿದ ಆಳರಸರೂ ಹೌದು ಎಂಬುದು ಹಿಂದೆ ಸರಿಯುತ್ತದೆ. ‘ಬಿಟ್ಟುಕೊಟ್ಟ ಸೀಮೆ’ ಎಂದ ಕೂಡಲೇ ಅಲ್ಲಿದ್ದವರ ಹಕ್ಕುಗಳೆಲ್ಲ ಕೈಬದಲಾದ ಸಾಮಾನಾಗಿ ಬಿಡುತ್ತವೆ. ಮಾತು ಮಾಡಿದ ಕೆಲಸವೇ ಅದು. ಮನ್ರೋನಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಬೇಕು, ಹೊಲ ಹೊಲವನ್ನೂ ಅಳೆಸಿ ರೈತನ ಹೆಸರಿಗೇ ಪಟ್ಟಾ ಕೊಡುವ ಪದ್ಧತಿಯನ್ನು ಬಲಪಡಿಸಿದವನು ಅವನು. ಅವನ ಮೋಜಣಿದಾರರು ಹಿಡಿದದ್ದು 33 ಅಡಿಯ ಸರಪಳಿ. ಆ ಅಳತೆಯ ಚೌಕ ಒಂದು ಗುಂಟೆ, ಅಂಥ 40 ಸೇರಿದರೆ ಎಕರೆ. ತಮಾಷೆಯೆಂದರೆ, ಆಮೇಲೆ ಮದ್ರಾಸು ಎಕರೆಯನ್ನು 100 ಸೆಂಟಿಗೆ ಒಡೆದದ್ದೇ ಇಲ್ಲಿ ನೆಲೆನಿಂತು, ಬಳ್ಳಾರಿ ಕಡೆಯ ಪಹಣಿಗಳಲ್ಲಿ ಗುಂಟೆಗಿಂತ ಸೆಂಟೇ ರೂಢಿ.

ಇನ್ನೊಂದು ಆಕ್ಷೇಪಣೆ ಇದಕ್ಕಿಂತ ಗಟ್ಟಿಯಾದದ್ದು: ಜನರೂ ‘ದತ್ತಮಂಡಲ’ ಎಂದು ಬಳಸಲಿಲ್ಲವೇ? ಬಳಸಿದರು, ಓದು ಬರಹ ಬಲ್ಲವರು ಸರ್ಕಾರಿ ಹೆಸರನ್ನು ಹಾಗೆ ತಿರುಗಿಸಿಕೊಂಡರು. ಆದರೆ ಒಪ್ಪಿ ಕೂತರೆಂದಲ್ಲ. 1928ರಲ್ಲಿ ನಂದ್ಯಾಲದಲ್ಲಿ ಸೇರಿದ ತೆಲುಗರು, ದಾನಕೊಟ್ಟ ಮಂಡಲವೆಂಬ ಹೆಸರು ಅವಮಾನವೆಂದು ‘ರಾಯಲಸೀಮೆ’ಯನ್ನು ಆರಿಸಿಕೊಂಡರು. ಬಳ್ಳಾರಿಯ ಕನ್ನಡಿಗರಿಗೆ ಆ ಬಿಡುಗಡೆ ದಕ್ಕಲಿಲ್ಲ. ಹೊಸ ಹೆಸರು ವಿಜಯನಗರದ ರಾಯರದೇ ಆದರೂ, ಹಂಪಿ ಇದ್ದದ್ದು ಬಳ್ಳಾರಿ ಜಿಲ್ಲೆಯಲ್ಲೇ ಆದರೂ, ಅದು ಸೂಚಿಸಿದ್ದು ತೆಲುಗು ನಾಡನ್ನು. ಕಡಪ, ಕರ್ನೂಲಿನ ಜೊತೆ ಹಡಗಲಿ, ಹರಪನಹಳ್ಳಿಗಳನ್ನು ಒಂದೇ ಕಟ್ಟಿನಲ್ಲಿ ಬಿಗಿದಿದ್ದ ಹಳೆಯ ಮಾತು ಭಾಷೆಯ ಗೆರೆಯನ್ನೇ ಅಳಿಸಿಟ್ಟಿತ್ತು. ಆ ಕಟ್ಟನ್ನು ಬಿಚ್ಚಲು ಆಂಧ್ರ ರಾಜ್ಯ ರಚನೆಯ ಕುರಿತಾದ ವಾಂಛೂ ವರದಿ ಬೇಕಾಯಿತು, ಬಳ್ಳಾರಿ ತಾಲ್ಲೂಕಿನ ತಕರಾರಿಗೆ ಎಲ್.ಎಸ್. ಮಿಶ್ರಾ ಅವರ ವಿಚಾರಣೆಯೂ ಬೇಕಾಯಿತು. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು. ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಗಳು ಬಳ್ಳಾರಿಯ ಜೊತೆ ಮೈಸೂರಿಗೆ ಬಂದವು. ಅಲ್ಲಿಗೆ ಕನ್ನಡದ ಕಡತಗಳಿಂದ ‘ಸೀಡೆಡ್’ ಜಾರಿಹೋಯಿತು. ತೆಲುಗು ಸಿನಿಮಾ ಹಂಚಿಕೆದಾರರು ಮಾತ್ರ ರಾಯಲಸೀಮೆಯ ಗಲ್ಲಾಪೆಟ್ಟಿಗೆಯನ್ನು ಇವತ್ತಿಗೂ ‘ಸೀಡೆಡ್’ ಎಂದೇ ಲೆಕ್ಕ ಹಾಕುತ್ತಾರೆ.