ನಮ್ಮ ಮೂರು ಎಕರೆ ಕಾಡು: ಬಳ್ಳಾರಿ ಜಾಲಿ ನಮ್ಮ ಹೊಲಕ್ಕೆ ಬಂದ ಕತೆ

 

ಹೋದ ಸಲ ರಾಯಚೂರು ಕೋಟೆ ಬಗ್ಗೆ ಮಾತಾಡಿದ್ವಿ. ಗೋಡೆಯಲ್ಲಿರೋ 41 ಅಡಿ ಉದ್ದದ ಆ ಒಂದೇ ಕಲ್ಲು, ಅದರ ಮೇಲಿನ 1294ರ ಶಾಸನ, ಆ ಕಲ್ಲನ್ನು ಬಂಡಿ ಮೇಲೆ ಹೇರಿ ಕೋಣಗಳಿಂದ ಎಳೆಸಿದ ಚಿತ್ರ. ನೆನಪೈತಿ ಅಲ್ರಿ? ಅದನ್ನು ಕೇಳಿದ ಒಬ್ಬ ಗೆಳೆಯ ನನಗೊಂದು ಪ್ರಶ್ನೆ ಕೇಳಿದ. "ಅಷ್ಟು ದೊಡ್ಡ ಬಂಡಿಗೆ ಕಟಿಗಿ ಎಲ್ಲಿಂದ ಬಂತೋ? ನಮ್ಮ ರಾಯಚೂರಾಗ ಕಾಡು ಎಲ್ಲೈತಿ?"

ಕಲ್ಲು ಉಳೀತು, ಬಂಡಿ ಉಳೀಲಿಲ್ಲ. ಕಟ್ಟಿಗೆಯ ಇತಿಹಾಸ ಹಂಗೇ. ಸುಟ್ಟು ಬೂದಿ ಆಗಿ ಹೋಗ್ತೈತಿ, ಯಾರೂ ಬರೆದಿಡೋದಿಲ್ಲ. ಅದಕ್ಕೇ ಇವತ್ತು ಕೋಟೆ ಬಿಟ್ಟು ಒಂದು ಸಣ್ಣ ಕಾಡಿಗೆ ಹೋಗೋಣ. ಮೂರೇ ಎಕರೆ ಕಾಡು. ದೇವದುರ್ಗ ತಾಲ್ಲೂಕಿನಲ್ಲಿದೆ. ಮಾಲೀಕರು ನಾವೇ.

ವಿಷಯ ಏನಂದ್ರ, ಒಂದು ತಿಂಗಳ ಹಿಂದೆ ನಮ್ಮ ಕಾಕಾ ಫೋನ್ ಮಾಡಿದ. "ಹೊಲ ಲಾವಣಿಗೆ ಕೇಳಾಕತ್ಯಾರೋ. ಹತ್ತಿ ಹಾಕ್ತಾರಂತ. ಜೆಸಿಬಿ ಹಚ್ಚಿ ಜಾಲಿ ತೆಗಿಸಬೇಕು. ನಿಂದೊಂದು ಸಹಿ ಬೇಕು." ನಮ್ಮಪ್ಪ ಈಗಿಲ್ಲ. ಪಹಣಿಯಲ್ಲಿ ಅಪ್ಪನ ಜಾಗದಲ್ಲಿ ನನ್ನ ಹೆಸರು ಬಂದೈತಿ. ಅದಕ್ಕೇ ನನ್ನ ಸಹಿ. "ಸಹಿ ಮಾಡೋಕಿಂತ ಮೊದಲು ಒಮ್ಮೆ ನೋಡ್ತೀನಿ ಕಾಕಾ" ಅಂದೆ. "ಮುಳ್ಳಾಗ ಏನ್ ನೋಡ್ತಿಯೋ" ಅಂತ ನಕ್ಕ.

ಭಾನುವಾರ ಬೈಕ್ ತಗೊಂಡು ಹೊಂಟೆ. ರಾಯಚೂರು ಬಿಟ್ಟು ಗಬ್ಬೂರು ದಾಟಿದ ಮೇಲೆ ರಸ್ತೆ ಎರಡೂ ಕಡೆ ಗಮನ ಕೊಟ್ಟು ನೋಡಿ. ಕಾಲುವೆ ನೀರು ಹೋಗೋ ಕಡೆ ಹಸಿರು ಹೊಲ. ನೀರು ಹೋಗದ ಕಡೆ, ಕೆರೆ ಅಂಗಳದಲ್ಲಿ, ಹಳ್ಳದ ದಂಡೆಯಲ್ಲಿ, ಬಿಟ್ಟ ಹೊಲದಲ್ಲಿ ಒಂದೇ ಬಣ್ಣ, ಒಂದೇ ಗಿಡ. ಬಳ್ಳಾರಿ ಜಾಲಿ. ನಮ್ಮ ಹೊಲಕ್ಕೆ ಅರ್ಧ ಕಿಲೋಮೀಟರ್ ಇರುವಾಗಲೇ ಅದರ ಮುಳ್ಳು ಹೊಕ್ಕು ಟಯರ್ ಪಂಕ್ಚರ್ ಆಯ್ತು. ಬೈಕ್ ತಳ್ಳಿಕೊಂಡು ಹೋಗಿ ನಮ್ಮ ಹೊಲದ ಬದುವಿಗೆ ನಿಲ್ಲಿಸಿದೆ.

ಬದು ಅಂದ್ನಲ್ಲ, ಬದು ಕಾಣಲಿಲ್ಲ. ಕಾಕಾ ಕುಡಗೋಲು ಹಿಡಿದು ಮುಂದೆ, ನಾನು ತಲೆ ಬಗ್ಗಿಸಿ ಹಿಂದೆ. ಒಳಗೆ ಹೋದ ಮೇಲೆ ಆಶ್ಚರ್ಯ ಆಯ್ತು. ಹೊರಗೆ ಬಿಸಿಲು ರಣರಣ ಅಂತಿದ್ರೆ ಒಳಗೆ ತಂಪು. ಬೆಳವನ ಹಕ್ಕಿ ಕೂಗ್ತಾ ಇದ್ವು. ಕಾಲ ಬುಡದಿಂದ ಒಂದು ಮುಂಗುಸಿ ಓಡಿತು. ಆದರೆ ನೆಲದ ಮೇಲೆ ಹುಲ್ಲು ಇಲ್ಲ. ಎರಿ ಮಣ್ಣು, ಒಣಗಿದ ಎಲೆ, ಮುಳ್ಳು, ಅಷ್ಟೇ.

ಇನ್‌ಸ್ಟಾದಲ್ಲಿ ಇಂಗ್ಲೆಂಡಿನ ಸಣ್ಣ ಸಣ್ಣ ಕಾಡುಗಳ ರೀಲ್ಸ್ ನೀವೂ ನೋಡಿರ್ತೀರಿ. ನೀಲಿ ಹೂವು, ಮಂಜು, ನಡೆಯೋಕೆ ಕಾಲುದಾರಿ. ಅಲ್ಲಿ ಒಂದು ಲೆಕ್ಕ ಐತಿ. 1600ನೇ ಇಸವಿಯಿಂದ ಇವತ್ತಿನವರೆಗೆ ಒಂದು ಜಾಗ ಕಾಡಾಗಿಯೇ ಉಳಿದಿದ್ದರೆ ಅದನ್ನು 'ಪ್ರಾಚೀನ ಕಾಡು' ಅಂತಾರೆ. ಅಂದ್ರೆ ಕಾಡಿಗೂ ವಯಸ್ಸು ಕೇಳ್ತಾರೆ, ದಾಖಲೆ ಹುಡುಕ್ತಾರೆ. ನಾನೂ ನಮ್ಮ ಮೂರು ಎಕರೆಗೆ ಅದನ್ನೇ ಕೇಳೋಣ ಅಂದುಕೊಂಡೆ. ನಿನ್ನ ವಯಸ್ಸೆಷ್ಟು? ನೀನು ಎಲ್ಲಿಂದ ಬಂದಿ?

ಮೊದಲು ಹೆಸರಿನಿಂದ ಶುರು ಮಾಡೋಣ. ನಾವು ಇದಕ್ಕೆ ಬಳ್ಳಾರಿ ಜಾಲಿ ಅಂತೀವಿ. ಪಕ್ಕದ ತೆಲುಗಿನವರು 'ಸರ್ಕಾರಿ ತುಮ್ಮ' ಅಂತಾರೆ. ತಮಿಳಿನಲ್ಲಿ 'ಸೀಮೈ ಕರುವೇಲಂ', ಅಂದ್ರೆ ಸೀಮೆ ಜಾಲಿ, ನಾವು ಸೀಮೆಎಣ್ಣೆ ಅಂತೀವಲ್ಲ ಅದೇ ಸೀಮೆ. ಹಿಂದಿಯಲ್ಲಿ 'ವಿಲಾಯತಿ ಬಬೂಲ್'. ಗುಜರಾತಿನ ಕಛ್‌ನಲ್ಲಿ 'ಗಾಂಡೋ ಬಾವಳ', ಹುಚ್ಚು ಜಾಲಿ. ಒಬ್ಬರು ಸರ್ಕಾರದ್ದು ಅಂತಾರೆ, ಒಬ್ಬರು ವಿಲಾಯತಿದು ಅಂತಾರೆ, ನಾವು ಬಳ್ಳಾರಿದು ಅಂತೀವಿ. ಯಾರೂ 'ನಮ್ದು' ಅನ್ನಲ್ಲ. ಈ ಗಿಡ ಹೊರಗಿಂದ ಬಂದದ್ದು ಅನ್ನೋದು ಎಲ್ಲಾ ಭಾಷೆಗೂ ಗೊತ್ತು.

ಅಸಲಿಗೆ ಇದು ಮೆಕ್ಸಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕದ ಉತ್ತರ ಭಾಗದ ಗಿಡ. ನಮ್ಮ ದೇಶಕ್ಕೆ ತಾನಾಗೇ ಬರಲಿಲ್ಲ, ಕರೆಸಿಕೊಂಡರು. 1876ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯಾಧಿಕಾರಿ ಬೆಡ್ಡೋಮ್, ಬರಗಾಲದ ಸೀಮೆಗೆ ತಡೆದುಕೊಳ್ಳೋ ಗಿಡ ಬೇಕು ಅಂತ ಬೀಜ ಕೇಳಿ ಪತ್ರ ಬರೆದ. 1877ರಲ್ಲಿ ಬೀಜ ಬಂತು. ಮೊದಲು ಬಿತ್ತಿದ್ದು ಕಡಪ ಕಡೆಯ ಕಮಲಾಪುರಂನಲ್ಲಿ.

ಆ ಇಸವಿ ಗಮನಿಸಿ. 1876ರಿಂದ 78ರವರೆಗೆ ದಕ್ಷಿಣ ಭಾರತದಲ್ಲಿ ಭೀಕರ ಬರ. ಬಳ್ಳಾರಿ, ಕಡಪ, ನಿಜಾಮರ ಕೈಯಲ್ಲಿದ್ದ ನಮ್ಮ ರಾಯಚೂರು ಸೀಮೆ, ಎಲ್ಲಾ ಕಡೆ ಜನ, ದನ ಸತ್ತ ಕಾಲ. ಇನ್ನೊಂದು ಇಸವಿ 1871. ಆ ವರ್ಷ ಬೊಂಬಾಯಿಯಿಂದ ಬಂದ ರೈಲು ಹಳಿ, ಮದ್ರಾಸಿನಿಂದ ಬಂದ ಹಳಿ ಎರಡೂ ಕೂಡಿದ್ದು ಎಲ್ಲಿ ಗೊತ್ತೇನ್ರಿ? ನಮ್ಮ ರಾಯಚೂರಿನಲ್ಲಿ! ಮದ್ರಾಸ್ ಕಡೆಯ ರೈಲುಗಳು ಆಗ ಕಟ್ಟಿಗೆಯನ್ನೂ ಉರಿಸ್ತಿದ್ವು. ಹಳಿಯ ಕೆಳಗೆ ಹಾಕೋಕೂ ಮರ ಬೇಕಿತ್ತು. ಮೊದಲೇ ಗಿಡ ಕಡಿಮೆ ಇದ್ದ ಸೀಮೆಯಲ್ಲಿ ಕಟ್ಟಿಗೆಯ ಹಸಿವು ಹೆಚ್ಚಾಯ್ತು. ಬೇಗ ಬೆಳೆಯೋ, ನೀರು ಕೇಳದ, ಆಡು ಎಲೆ ತಿನ್ನದ ಗಿಡ ಅಧಿಕಾರಿಗಳಿಗೆ ವರದಂಗೆ ಕಂಡಿದ್ದರೆ ತಪ್ಪೇನಿಲ್ಲ.

ಕತೆ ಅಲ್ಲಿಗೇ ನಿಲ್ಲಲಿಲ್ಲ. 1940ರಲ್ಲಿ ಜೋಧಪುರ ಸಂಸ್ಥಾನ ಇದಕ್ಕೆ 'ರಾಜವೃಕ್ಷ' ಅನ್ನೋ ಪಟ್ಟ ಕಟ್ಟಿತು. 1961ರಲ್ಲಿ ಕಛ್‌ನ ಉಪ್ಪುನೆಲ ಮುಂದೆ ಬರದಂಗೆ ತಡೆಯೋಕೆ ಅಲ್ಲಿನ ಬನ್ನಿ ಹುಲ್ಲುಗಾವಲಿನಲ್ಲಿ ಅರಣ್ಯ ಇಲಾಖೆ ಇದನ್ನು ಹಚ್ಚಿತು. ಆಮೇಲೆ ಅದು ಹುಲ್ಲುಗಾವಲನ್ನೇ ನುಂಗಿತು. ಆಫ್ರಿಕಾದ ಕೆನ್ಯಾದಲ್ಲಿ ಬಾರಿಂಗೋ ಅನ್ನೋ ಸೀಮೆಯ ಪಶುಪಾಲಕರು 2000ರ ದಶಕದಲ್ಲಿ ಸರ್ಕಾರದ ಮೇಲೆ ಕೇಸು ಹಾಕಿ, ಇದರ ಕಾಯಿ ತಿಂದು ಹಲ್ಲು ಉದುರಿದ ಆಡನ್ನೇ ಸಾಕ್ಷಿ ಅಂತ ಕೋರ್ಟಿಗೆ ಕರಕೊಂಡು ಹೋದರು. 2017ರಲ್ಲಿ ತಮಿಳುನಾಡಿನಲ್ಲಿ ಹೈಕೋರ್ಟೇ ಇದನ್ನು ಕಿತ್ತು ಹಾಕ್ರಿ ಅಂತು.

ಹಂಗಾದ್ರೆ ನಮ್ಮ ಹೊಲಕ್ಕೆ ಯಾರು ಬಿತ್ತಿದ್ರು? ಆಡು. ಎಲೆ ತಿನ್ನೋದಿಲ್ಲ, ಆದರೆ ಸಿಹಿ ಕಾಯಿ ಬಿಡೋದಿಲ್ಲ. ಕಾಯಿ ಹೊಟ್ಟೆಗೆ, ಬೀಜ ಹಿಕ್ಕಿಯೊಳಗೆ ಹೊರಗೆ. ಬಿದ್ದಲ್ಲಿ ಹುಟ್ಟತೈತಿ. ನೇಗಿಲು ಹೊಡೆಯೋ ಹೊಲದಲ್ಲಿ ಆ ಸಸಿ ಒಂದು ವರ್ಷವೂ ಬದುಕೋದಿಲ್ಲ, ಕುಂಟಿಗೆ ಕಿತ್ತು ಹೋಗ್ತೈತಿ. ಅಂದ್ರೆ ಜಾಲಿ ಬೆಳೀಬೇಕಾದ್ರೆ ಬೀಜ ಒಂದೇ ಸಾಲದು, ಹೊಲದಲ್ಲಿ ಮನುಷ್ಯ ಇರಬಾರದು.

ಇಲ್ಲಿಗೆ ನಮ್ಮ ಮನೆಯ ಇತಿಹಾಸ ಬರ್ತೈತಿ. 2001ರಿಂದ ಮೂರು ವರ್ಷ ಸಾಲಾಗಿ ಕರ್ನಾಟಕದಲ್ಲಿ ಬರ ಇತ್ತು. 2003ರಲ್ಲಿ ನಮ್ಮಪ್ಪ ನಮ್ಮನ್ನೆಲ್ಲ ಕಟ್ಟಿಕೊಂಡು ಬೆಂಗಳೂರಿಗೆ ಗುಳೆ ಹೋದ. ನನಗಾಗ ಆರು ವರ್ಷ. ಬಿಲ್ಡಿಂಗ್ ಕೆಲಸ, ತಗಡಿನ ಶೆಡ್ಡು. "ಮಳಿ ಬಂದ್ರ ವಾಪಸ್ ಹೋಗಿಬಿಡೋಣ" ಅಂತ ಅವ್ವ ಪ್ರತಿ ವರ್ಷ ಅಂತಿದ್ಳು. ಮಳೆ ಬಂತು, ನಾವು ಹೋಗಲಿಲ್ಲ. ಸಾಲ ಇತ್ತು. ಆಮೇಲೆ ರಾಯಚೂರಿಗೆ ಬಂದು ಬಾಡಿಗೆ ಮನೆ ಮಾಡಿದ್ವಿ, ನಾನು ಬಿಕಾಂ ಮಾಡಿದೆ. ಕಾಕಾ ತನ್ನ ಪಾಲಿನ ಬೇರೆ ಹೊಲ ನೋಡಿಕೊಂಡ. ಈ ಮೂರು ಎಕರೆ ಹಂಗೇ ಉಳೀತು.

ಅದಕ್ಕೇ ಇಂಗ್ಲೆಂಡಿನವರ ಹಂಗೆ ನಾನೂ ಈ ಕಾಡಿನ ಹುಟ್ಟಿದ ಇಸವಿ ಹೇಳಬಲ್ಲೆ: 2003. ನಾವು ಬಿಟ್ಟು ಹೋದ ವರ್ಷ.

ಮಾನ್ವಿಯಲ್ಲಿ ನಮ್ಮ ಸೋದರತ್ತೆ ಇದ್ದಾಳೆ. ಅವಳ ಹೊಲಕ್ಕೆ ತುಂಗಭದ್ರಾ ಎಡದಂಡೆ ಕಾಲುವೆ ನೀರು ಬರ್ತೈತಿ. ಭತ್ತ ಬೆಳೀತಾರೆ. ಅಲ್ಲಿ ಜಾಲಿ ಕಾಲುವೆ ದಂಡೆಗಷ್ಟೇ ನಿಂತೈತಿ, ಹೊಲಕ್ಕೆ ಕಾಲಿಟ್ಟಿಲ್ಲ. ದೇವದುರ್ಗ ತಾಲ್ಲೂಕಿಗೂ ನಾರಾಯಣಪುರ ಬಲದಂಡೆ ಕಾಲುವೆ ಐತಿ, ಆದರೆ ನಮ್ಮ ಹೊಲ ಅದಕ್ಕಿಂತ ಎತ್ತರದಲ್ಲೈತಿ. ಎರಡು ಕಾಲುವೆ ನಕ್ಷೆ, ಒಂದು ಗುಳೆ ಬಸ್ಸಿನ ರೂಟು, ಇವನ್ನು ಒಂದರ ಮೇಲೊಂದು ಇಟ್ಟರೆ ಜಾಲಿಯ ನಕ್ಷೆ ತಾನೇ ಬರ್ತೈತಿ ಅಂತ ನನಗನ್ನಿಸ್ತು.

ಕಾಡಿನ ನಡುವೆ ಹೊಗೆ ಕಾಣಿಸ್ತು. ಊರಿನ ಒಬ್ಬ ಅಜ್ಜ ಇದ್ದಿಲು ಸುಡ್ತಿದ್ದ. ಜಾಲಿ ಕೊರಡು ಒಟ್ಟಿ, ಮೇಲೆ ಹುಲ್ಲು, ಮಣ್ಣು ಮುಚ್ಚಿ, ಒಳಗೆ ಸಣ್ಣಗೆ ಬೇಯಿಸೋದು. ಗಾಳಿ ಜಾಸ್ತಿ ಹೋದ್ರೆ ಬೂದಿ, ಕಡಿಮೆ ಆದ್ರೆ ಹಸಿ ಕೊರಡು. ಹಗಲು ರಾತ್ರಿ ಕಾಯಬೇಕು. ಕಾಕಾ ಮುಖ ಗಂಟು ಹಾಕಿದ. ಅಜ್ಜ ನನ್ನ ನೋಡಿ "ಯಾರ ಮಗನೋ ತಮ್ಮಾ?" ಅಂದ. ಅಪ್ಪನ ಹೆಸರು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ.

"ನಿಮ್ಮಪ್ಪ ಹೋದ ಬಸ್ಸಿಗೇ ನಾನೂ ಹೋಗಬೇಕಿತ್ತು. ಹೋಗಲಿಲ್ಲ. ಈ ಗಿಡಾನೇ ನನ್ನ ಇಲ್ಲಿ ಇಟ್ಕೊಂಡೈತಿ. ಇದರ ಇದ್ದಲಿ ಮಾರಿ ಇಬ್ಬರು ಹೆಣ್ಮಕ್ಕಳ ಲಗ್ನ ಮಾಡೀನಿ. ಎಲ್ಲರೂ ಇದಕ್ಕ ಬೈತಾರ. ಬೈರಿ. ಆದ್ರ ಕಡದ್ರೂ ಬೆಳಿಯೋದು ಇದೊಂದೇ ನೋಡು."

ಬಿಕಾಂನಲ್ಲಿ ನಾನು ಕಲಿತ ಮೊದಲ ಪಾಠ, ಒಂದು ಕಡೆ ಡೆಬಿಟ್ ಬರೆದ್ರೆ ಇನ್ನೊಂದು ಕಡೆ ಕ್ರೆಡಿಟ್ ಬರೀಲೇಬೇಕು. ನಮ್ಮ ಪುಸ್ತಕದಲ್ಲಿ ಈ ಮೂರು ಎಕರೆ ನಷ್ಟ. ಊರಲ್ಲೇ ಉಳಿದ ಅಜ್ಜನ ಪುಸ್ತಕದಲ್ಲಿ ಅದೇ ಬೆಳೆ. ನಾನು ಅಲ್ಲಿಯವರೆಗೂ ಒಂದೇ ಕಾಲಂ ನೋಡಿದ್ದೆ.

ಆಮೇಲೆ ಅಜ್ಜನೇ "ನಿಮ್ಮ ಮುತ್ಯಾನ ಬನ್ನಿ ಗಿಡ ನೋಡಿದೇನು?" ಅಂತ ಕೇಳಿದ. ನನಗೆ ಗೊತ್ತೇ ಇರಲಿಲ್ಲ. ಹೊಲದ ಮೂಡಣ ಮೂಲೆಗೆ ಕರಕೊಂಡು ಹೋದ. ಸುತ್ತ ಜಾಲಿ ಒತ್ತಿಕೊಂಡು ನಿಂತಿದ್ವು, ನಡುವೆ ಒಂದು ಬನ್ನಿ. ಅರ್ಧ ಒಣಗಿತ್ತು, ಅರ್ಧ ಹಸಿರಿತ್ತು. ದಸರಾಕ್ಕೆ ಮನೆಯವರೆಲ್ಲ ಇಲ್ಲಿಗೇ ಬಂದು ಪೂಜೆ ಮಾಡ್ತಿದ್ರಂತೆ. ನಾವು ಸಣ್ಣೋರಿದ್ದಾಗ ಬನ್ನಿ ಕೊಟ್ಟು 'ಬಂಗಾರದಂಗ ಇರೋಣ' ಅಂತ ಕಾಲಿಗೆ ಬೀಳ್ತಿದ್ವಲ್ಲ, ಆ ಎಲೆ ಈ ಗಿಡದ್ದು.

ಈಗ ಒಂದು ಮಾತು ಹೇಳ್ತೀನಿ, ಕೇಳಿ. ಈ ಬನ್ನಿ, ಆ ಬಳ್ಳಾರಿ ಜಾಲಿ, ಎರಡೂ ಬಳಗದವು. ಸಸ್ಯಶಾಸ್ತ್ರದವರು ಬಹಳ ಕಾಲ ಎರಡನ್ನೂ 'ಪ್ರೊಸೋಪಿಸ್' ಅನ್ನೋ ಒಂದೇ ಕುಲದಲ್ಲಿ ಇಟ್ಟಿದ್ದರು. 2022ರಲ್ಲಿ ಆ ಕುಲ ಒಡೆದು ಜಾಲಿಯನ್ನು 'ನೆಲ್ಟುಮಾ' ಅಂತ ಬೇರೆ ಮಾಡಿದ್ದಾರೆ. ಅಣ್ಣತಮ್ಮಂದಿರ ಪಾಲು ಆದಂಗೆ. ಇದೇ ಬನ್ನಿ ಮರ ಉಳಿಸೋಕೆ 1730ರಲ್ಲಿ ಜೋಧಪುರ ರಾಜ್ಯದ ಖೇಜರ್ಲಿಯಲ್ಲಿ 363 ಬಿಷ್ಣೋಯಿ ಜನ ಪ್ರಾಣ ಕೊಟ್ಟರು. ಕಡಿಯೋಕೆ ಆಳು ಕಳಿಸಿದ್ದು ಜೋಧಪುರದ ಆಡಳಿತ. 210 ವರ್ಷದ ನಂತರ 'ರಾಜವೃಕ್ಷ' ಪಟ್ಟ ಜಾಲಿಗೆ ಕಟ್ಟಿದ್ದೂ ಅದೇ ಜೋಧಪುರ.

ನಮ್ಮ ಸೀಮೆಯಲ್ಲಿ ಹಳೆಯ ಗಿಡ ಉಳಿದದ್ದು ಬಹುಪಾಲು ದೇವರ ಹೆಸರಲ್ಲಿ. ದೇವದುರ್ಗ ತಾಲ್ಲೂಕಿನ ಕೃಷ್ಣಾ ದಂಡೆಯ ಕೊಪ್ಪರಕ್ಕೆ ಹೋಗಿ ನೋಡಿ, ನರಸಿಂಹ ದೇವರು ಇರೋದೇ ಅಶ್ವತ್ಥ ಮರದಲ್ಲಿ ಅಂತ ಜನ ನಂಬ್ತಾರೆ. ದೇವರಿದ್ದ ಗಿಡಕ್ಕೆ ಕೊಡಲಿ ಬೀಳೋದಿಲ್ಲ. ಮುತ್ಯಾನ ಬನ್ನಿಯೂ ಹಂಗೇ ಉಳಿದಿತ್ತು. ಇದ್ದಿಲು ಸುಡೋ ಅಜ್ಜ ಇಪ್ಪತ್ತು ವರ್ಷ ಸುತ್ತಲಿನ ಜಾಲಿ ಕಡಿದಿದ್ದ, ಅದನ್ನು ಮುಟ್ಟಿರಲಿಲ್ಲ. "ನಿಮ್ಮವರು ಇಲ್ಲಂತ ದೇವರು ಇಲ್ಲೇನು?" ಅಂದ.

ಸಾಯಂಕಾಲ ಕಾಕಾನ ಮನೆ ಕಟ್ಟೆ ಮೇಲೆ ಕೂತು ಸಹಿ ಮಾಡಿದೆ. ಹೌದು, ಮಾಡಿದೆ. ಹೊಲ ಹೊಲವಾಗಲಿ ಅಂತ ಅಪ್ಪನಿಗೂ ಇತ್ತು. ಆದರೆ ಎರಡು ಮಾತು ಹಾಕಿದೆ. ಜೆಸಿಬಿ ಬರೋಕಿಂತ ಮೊದಲು ಕೊರಡೆಲ್ಲ ಆ ಅಜ್ಜನಿಗೆ, ರೊಕ್ಕ ಕೇಳಬಾರದು. ಮತ್ತೆ ಬನ್ನಿ ಸುತ್ತ ಎರಡು ಗುಂಟೆ ಯಾರೂ ಮುಟ್ಟಬಾರದು.

"ಎರಡು ಗುಂಟೆ ಹತ್ತಿ ಹೋಗ್ತೈತಲ್ಲೋ" ಅಂದ ಕಾಕಾ.

"ಹೋಗ್ಲಿ ಬಿಡು ಕಾಕಾ."

ಆದರೂ ಸಮಾಧಾನ ಇಲ್ಲ, ನಿಜ ಹೇಳ್ತೀನಿ. ಈ ಜೊರಡು ಮುಗಿದ ಮೇಲೆ ಮುಂದಿನ ವರ್ಷ ಅಜ್ಜ ಏನು ಸುಡ್ತಾನೆ? ಗೊತ್ತಿಲ್ಲ. ಇನ್ನೊಂದು, ಜಾಲಿ ಅಷ್ಟು ಸುಲಭಕ್ಕೆ ಹೋಗೋದಲ್ಲ. ಅಮೆರಿಕದ ಅರಿಝೋನಾದ ಒಂದು ಗಣಿಯಲ್ಲಿ ಇದರ ಬಳಗದ ಬೇರು 50 ಮೀಟರಿಗಿಂತ ಆಳದಲ್ಲಿ ಸಿಕ್ಕಿತ್ತು. ಬುಡ ಉಳಿದ್ರೆ ಮತ್ತೆ ಚಿಗುರ್ತೈತಿ, ಬೀಜ ಮಣ್ಣಲ್ಲಿ ಕಾಯ್ತಾ ಇರ್ತೈತಿ. ಲಾವಣಿ ಹಿಡಿದವರು ಎರಡು ವರ್ಷ ಬಿಟ್ಟು ಹೋದ್ರೆ ಮೂರನೇ ವರ್ಷ ಮತ್ತೆ ಕಾಡು. ಜೆಸಿಬಿ ಗಿಡ ಕೀಳಬಹುದು, ಗುಳೆ ನಿಲ್ಲಿಸೋದಿಲ್ಲ.

ಈ ಸಲ ದಸರಾಕ್ಕೆ ಅವ್ವನ್ನ ಕರಕೊಂಡು ಆ ಬನ್ನಿಗೆ ಹೋಗ್ತೀನಿ. ನಿಮಗೊಂದು ಕೆಲಸ. ಮನೆಯಲ್ಲಿ ಅಜ್ಜ, ಅಜ್ಜಿ ಇದ್ರೆ ಇವತ್ತೇ ಕೇಳಿ: ನಮ್ಮೂರಿಗೆ ಬಳ್ಳಾರಿ ಜಾಲಿ ಯಾವಾಗ ಬಂತು? ಅದಕ್ಕಿಂತ ಮೊದಲು ಒಲೆಗೆ ಏನು ಹಾಕ್ತಿದ್ರಿ? ಆ ಹೊಲ ಬಿಟ್ಟು ಯಾರು ಹೋದ್ರು? ಅವರ ಮಾತನ್ನು ಫೋನಿನಲ್ಲೇ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ಕಲ್ಲಿನ ಮೇಲೆ ಇದನ್ನು ಯಾರೂ ಕೆತ್ತಿಲ್ಲ.

ಮುಂದಿನ ವಾರ ಸಿಗೋಣ. ಬೈಕ್ ಮೇಲೆ ಹೋಗೋರು ಟಯರ್ ನೋಡ್ಕೊಳ್ರಿ. ನಮಸ್ಕಾರ.