ಎತ್ತು ಎಳೆದ ರೈಲಿನ ವ್ಯಾಗನ್ನುಗಳು

ವಡೋದರಾದಿಂದ ಸೂರತ್ ಕಡೆಗೆ ಹೊರಟ ರೈಲು ಸ್ವಲ್ಪ ಹೊತ್ತಿನಲ್ಲೇ ಮಿಯಾಗಾಂ ಕರ್ಜನ್ ಎಂಬ ನಿಲ್ದಾಣವನ್ನು ದಾಟುತ್ತದೆ. ಎಕ್ಸ್‌ಪ್ರೆಸ್ ರೈಲುಗಳಲ್ಲಿ ಹೆಚ್ಚಿನವು ಇಲ್ಲಿ ನಿಲ್ಲುವುದಿಲ್ಲ. ಅಹಮದಾಬಾದ್, ವಡೋದರಾ, ಸೂರತ್ ಎಂದು ಆಫೀಸಿನ ಕೆಲಸಕ್ಕೆ ಓಡಾಡುವ ನಮ್ಮಂಥವರು ಆ ಹೊತ್ತಿಗೆ ಲ್ಯಾಪ್‌ಟಾಪ್ ತೆರೆದು ಕೂತಿರುತ್ತೇವೆ. ಕಿಟಕಿಯಾಚೆ ನೋಡಲು ಅಲ್ಲಿ ವಿಶೇಷವೇನೂ ಇದ್ದಂತೆ ಕಾಣುವುದಿಲ್ಲ. ಆದರೆ ಭಾರತದ ಮೊದಲ ನ್ಯಾರೋಗೇಜ್ ರೈಲು 1862ರಲ್ಲಿ ಓಡಿದ್ದು ದಭೋಯಿ ಮತ್ತು ಈ ಮಿಯಾಗಾಂ ನಡುವಿನ ದಾರಿಯಲ್ಲಿ. ದೇಶಿ ಸಂಸ್ಥಾನವೊಂದು ತನ್ನದೇ ಎಂದು ಕಟ್ಟಿಸಿಕೊಂಡ ಮೊದಲ ರೈಲೂ ಅದೇ. ಅದನ್ನು ಎಳೆಯುತ್ತಿದ್ದದ್ದು ಎತ್ತುಗಳು.

ಎತ್ತು ಎಳೆಯುವ ರೈಲು ಎಂದರೆ ಇವತ್ತು ನಗು ಬರಬಹುದು. ಕಾರಣ ತಿಳಿದರೆ ನಗು ನಿಲ್ಲುತ್ತದೆ. ಬಾಂಬೆ ಬರೋಡ ಅಂಡ್ ಸೆಂಟ್ರಲ್ ಇಂಡಿಯಾ ರೈಲ್ವೆ ಕಂಪನಿ, ಅಂದರೆ ಹಳಬರ ಬಾಯಲ್ಲಿ ಬಿ.ಬಿ. ಅಂಡ್ ಸಿ.ಐ., ತನ್ನ ಮೊದಲ ಹಳಿಯನ್ನು ಮುಂಬಯಿಯಲ್ಲಿ ಹಾಕಲಿಲ್ಲ. 1860ರಲ್ಲಿ ಅಂಕಲೇಶ್ವರದಿಂದ ಸೂರತ್ ಪಕ್ಕದ ಉತ್ರಾಣ್ ತನಕ ಹಾಕಿತು. 1861ಕ್ಕೆ ರೈಲು ವಡೋದರಾ ಮುಟ್ಟಿತು, 1863ಕ್ಕೆ ಅಹಮದಾಬಾದ್. ಮುಂಬಯಿಗೆ ಅದು ತಲುಪಿದ್ದು 1864ರಲ್ಲಿ. ನಡುವಿನಿಂದ ಶುರುಮಾಡಿದ್ದಕ್ಕೆ ಇಲ್ಲಿನ ಕಪ್ಪು ಮಣ್ಣೂ ಒಂದು ಕಾರಣ. ಭರೂಚ್, ಸೂರತ್ ಸೀಮೆಯ ಹತ್ತಿಗೆ ಬೇಡಿಕೆ ಇತ್ತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹತ್ತಿಕೊಂಡು ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬರುವುದು ನಿಂತಾಗ ಗುಜರಾತಿನ ಹತ್ತಿಗೆ ಬಂಗಾರದ ಬೆಲೆ ಬಂತು. ಆ ಹತ್ತಿಯನ್ನು ಹೊಲದಿಂದ ದೊಡ್ಡ ರೈಲಿನ ತನಕ ಸಾಗಿಸುವುದೇ ಕಷ್ಟ. ಮಳೆಗಾಲದಲ್ಲಿ ಎರೆಮಣ್ಣಿನ ದಾರಿಗೆ ಗಾಡಿ ಇಳಿಸಿದರೆ ಏನಾಗುತ್ತದೆಂದು ಧಾರವಾಡ, ಗದಗದ ಕಡೆಯವರಿಗೆ ಹೇಳಬೇಕಾಗಿಲ್ಲ. ಕೆಸರಿನಲ್ಲಿ ಹೂತುಹೋಗುವ ಗಾಡಿಯನ್ನೇ ಕಬ್ಬಿಣದ ಹಳಿಯ ಮೇಲೆ ಇಟ್ಟರೆ ಅದೇ ಎತ್ತು ಎಷ್ಟೋ ಪಟ್ಟು ಹೆಚ್ಚು ಭಾರ ಎಳೆಯುತ್ತದೆ.

ಮಹಾರಾಜ ಖಂಡೇರಾವ್ ಗಾಯಕವಾಡರ ಕಾಲದಲ್ಲಿ ಆದದ್ದು ಇಷ್ಟು: ಎರಡೂವರೆ ಅಡಿ, ಅಂದರೆ 762 ಮಿಲಿಮೀಟರ್ ಅಗಲದ ಹಳಿ. ಅದರ ಮೇಲೆ ಸಣ್ಣ ಸಣ್ಣ ಗಾಡಿಗಳು. ಕಂಬಿಗಳು ಎಷ್ಟು ಹಗುರವಾಗಿದ್ದವೆಂದರೆ ಉಗಿ ಎಂಜಿನ್ನಿನ ಭಾರವನ್ನು ತಡೆಯುವ ಶಕ್ತಿ ಅವಕ್ಕಿರಲಿಲ್ಲ. ಗಟ್ಟಿ ಕಂಬಿ ಹಾಕಿ ಎಂಜಿನ್ ಓಡಿಸಿದ್ದು 1873ರಲ್ಲಿ. ಸುಮಾರು ಹತ್ತು ವರ್ಷ ಈ ರೈಲಿಗೆ ವ್ಯಾಗನ್ ಇತ್ತು, ಎಂಜಿನ್ ಇರಲಿಲ್ಲ. ಈ ಒಂದು ಸಂಗತಿಯನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ರೈಲಿನ ಪರಂಪರೆ ಎಂದಾಗಲೆಲ್ಲ ನಾವು ಹೊಗೆ, ಸೀಟಿ, ಎಂಜಿನ್ ಎನ್ನುತ್ತೇವೆ. ಗಾಯಕವಾಡರ ರೈಲು ಹುಟ್ಟಿದ್ದೇ ವ್ಯಾಗನ್ನಿನಿಂದ.

1875ರಲ್ಲಿ ಗಾದಿಗೆ ಬಂದ ಮೂರನೆಯ ಸಯಾಜಿರಾವ್ ಅವರ ದೀರ್ಘ ಆಳ್ವಿಕೆಯಲ್ಲಿ ಈ ಜಾಲ ಹಬ್ಬಿತು. ಹೀರಾ ಭಾಗೋಳದ ಕೆತ್ತನೆಗೆ ಹೆಸರಾದ ಹಳೆಯ ಕೋಟೆ ಊರು ದಭೋಯಿ ಅದರ ನಡುಗಂಬವಾಯಿತು. ಅಲ್ಲಿಂದ ಮಿಯಾಗಾಂ, ವಡೋದರಾ, ನರ್ಮದೆಯ ದಡದ ಯಾತ್ರಾಸ್ಥಳ ಚಾಂದೋದ್, ಸಮಲಾಯಾ, ಬೋಡೇಲಿ ಎಂದು ಐದು ದಿಕ್ಕಿಗೆ ಹಳಿಗಳು ಚಾಚಿದವು. ಸೂರತ್ತಿನ ತೆಂಕಣ ಬಿಲಿಮೋರಾದಿಂದ ವಘಈ ತನಕ ಡಾಂಗ್ ಕಾಡಿನ ತೇಗ ಇಳಿಸಲು 63 ಕಿಲೋಮೀಟರಿನ ಇನ್ನೊಂದು ದಾರಿ 1913ರಲ್ಲಿ ಬಂತು. ಇವನ್ನೆಲ್ಲ ರಿಪೇರಿ ಮಾಡಲು 1919ರಲ್ಲಿ ವಡೋದರಾದ ಗೋಯಾಗೇಟ್ ಬಳಿ, ಈಗಿನ ಪ್ರತಾಪನಗರದಲ್ಲಿ, ಕಾರ್ಖಾನೆ ಎದ್ದಿತು. 1949ರಲ್ಲಿ ಬರೋಡ ಸಂಸ್ಥಾನ ವಿಲೀನವಾದಾಗ ರೈಲೂ ಬಿ.ಬಿ. ಅಂಡ್ ಸಿ.ಐ.ಗೆ ಸೇರಿ, ಮುಂದೆ ಪಶ್ಚಿಮ ರೈಲ್ವೆಯಾಯಿತು.

ಈ 762 ಮಿಲಿಮೀಟರ್ ನಮಗೂ ಹೊಸದಲ್ಲ. ಬೌರಿಂಗ್‌ಪೇಟೆ, ಅಂದರೆ ಬಂಗಾರಪೇಟೆಯಿಂದ ಕೋಲಾರಕ್ಕೆ 1913ರಲ್ಲಿ ಬಂದ ರೈಲು, ಬೆಂಗಳೂರಿನಿಂದ ಯಲಹಂಕ, ನಂದಿ ಹಾದು ಚಿಕ್ಕಬಳ್ಳಾಪುರಕ್ಕೆ ಹೋಗುತ್ತಿದ್ದ ರೈಲು, ಎರಡೂ ಇದೇ ಅಗಲದವು. ಮೈಸೂರು ಸಂಸ್ಥಾನದ ಆ ಸಣ್ಣ ರೈಲನ್ನು ಹತ್ತಿದ ಹಿರಿಯರು ಕೋಲಾರದ ಸೀಮೆಯಲ್ಲಿ ಇನ್ನೂ ಇದ್ದಾರೆ. ಈಗ ಅಲ್ಲೆಲ್ಲ ಬ್ರಾಡ್‌ಗೇಜ್. ಒಂದೇ ಅಳತೆಯ ಹಳಿ ಎಂದರೆ ಕೋಲಾರದ ವ್ಯಾಗನ್ನನ್ನು ತಂದು ದಭೋಯಿಯಲ್ಲಿ ನಿಲ್ಲಿಸಿದರೂ ಗಾಲಿ ಸರಿಯಾಗಿ ಕೂರುತ್ತದೆ. ಇದು ಎಷ್ಟು ದೊಡ್ಡ ಅನುಕೂಲ ಎಂಬುದು ಮುಂದೆ ವೇಲ್ಸ್ ದೇಶದ ಮಾತು ಬಂದಾಗ ತಿಳಿಯುತ್ತದೆ.

ಮೊದಲು ವ್ಯಾಗನ್ ಎಂದರೇನು ಎಂದು ನೋಡೋಣ. ವಡೋದರಾದ ನಾವು ಮೂವರು ಗೆಳೆಯರು ಕೆಲವು ಭಾನುವಾರಗಳಂದು ನಿವೃತ್ತ ಫಿಟ್ಟರ್ ಒಬ್ಬರ ಮನೆಗೆ ಹೋಗಿ ಅವರು ಹೇಳಿದ್ದನ್ನೆಲ್ಲ ಬರೆದುಕೊಳ್ಳುತ್ತಿದ್ದೆವು. ನಾವು ಅವರನ್ನು ಕಾಕಾ ಎನ್ನುತ್ತಿದ್ದೆವು, ಅವರು ನಮ್ಮನ್ನು ಭಾಯ್ ಎನ್ನುತ್ತಿದ್ದರು. ನ್ಯಾರೋಗೇಜ್ ಗಾಡಿಗಳ ಕೆಳಗೆ ಮಲಗಿಯೇ ಅವರ ಸರ್ವೀಸು ಕಳೆದಿತ್ತು. ನಮಗೆ ಎಂಜಿನ್ನಿನ ಕಥೆ ಬೇಕಿತ್ತು. ಅವರು ಮಾತು ಶುರುಮಾಡುತ್ತಿದ್ದದ್ದು ಅಚ್ಚಿನಿಂದ.

ಹಳೆಯ ವ್ಯಾಗನ್ನಿನಲ್ಲಿ ಬಾಲ್ ಬೇರಿಂಗ್, ರೋಲರ್ ಬೇರಿಂಗ್ ಇಲ್ಲ. ಅಚ್ಚಿನ ತುದಿಯ ಮೇಲೆ ಹಿತ್ತಾಳೆಯ ಬೇರಿಂಗ್ ಕೂತಿರುತ್ತದೆ. ಅದರ ಒಳಮೈಗೆ ವೈಟ್‌ಮೆಟಲ್ ಎಂಬ ಮೆದು ಲೋಹದ ಲೇಪ. ಕೆಳಗಿನ ಪೆಟ್ಟಿಗೆಯಲ್ಲಿ ಎಣ್ಣೆಯಲ್ಲಿ ನೆನೆಸಿದ ನೂಲಿನ ಮುದ್ದೆ ಅಚ್ಚಿಗೆ ತಾಗುವಂತೆ ತುಂಬಿರುತ್ತದೆ. ಆ ನೂಲು ಒಣಗಿದರೆ, ಇಲ್ಲವೇ ಎಣ್ಣೆಗೆ ನೀರು ಸೇರಿದರೆ, ಅಚ್ಚು ಕಾಯುತ್ತದೆ, ಲೇಪ ಕರಗಿ ಇಳಿಯುತ್ತದೆ. ರೈಲಿನವರ ಭಾಷೆಯಲ್ಲಿ ಇದು ಹಾಟ್ ಆಕ್ಸಲ್. ಹಾಗೇ ಓಡಿಸಿದರೆ ಅಚ್ಚು ಮುರಿದು ಗಾಡಿ ಹಳಿ ಬಿಡುತ್ತದೆ. ನಿಲ್ದಾಣದಲ್ಲಿ ಗಾಡಿ ನಿಂತ ಕೂಡಲೇ ಪೆಟ್ಟಿಗೆಗೆ ಅಂಗೈ ತಾಗಿಸದೆ ಮುಂಗೈಯ ಹಿಂಬದಿ ತಾಗಿಸಿ ನೋಡಬೇಕು, ಸುಟ್ಟರೂ ಕೆಲಸ ಮಾಡುವ ಅಂಗೈ ಉಳಿಯುತ್ತದೆ ಎಂದು ಕಾಕಾ ಹೇಳಿಕೊಟ್ಟರು. ಗಾಲಿಗೆ ಸುತ್ತಿಗೆಯಿಂದ ತಟ್ಟಿದರೆ ಗಂಟೆಯಂತೆ ನಾದ ಬರಬೇಕು, ಬಿರುಕು ಬಿಟ್ಟಿದ್ದರೆ ಒಡೆದ ಮಡಕೆಯ ಸದ್ದು.

ಬ್ರೇಕಿನದು ಇನ್ನೂ ಸೊಗಸು. ಹಳೆಯ ಗಾಡಿಗಳದು ವ್ಯಾಕ್ಯೂಮ್ ಬ್ರೇಕು. ರೈಲಿನ ಉದ್ದಕ್ಕೂ ಇರುವ ಕೊಳವೆಯಿಂದ ಗಾಳಿ ಹೀರಿ ತೆಗೆದರೆ ಬ್ರೇಕು ಸಡಿಲ. ಗಾಳಿ ಒಳನುಗ್ಗಿದರೆ ಬ್ರೇಕು ಬಿಗಿ. ಎಲ್ಲಾದರೂ ಕೊಂಡಿ ಕಳಚಿ ಗಾಡಿ ಬೇರೆಯಾದರೆ ಕೊಳವೆ ತಾನಾಗಿ ಕಿತ್ತು ಗಾಳಿ ನುಗ್ಗಿ ಎರಡೂ ತುಂಡುಗಳು ನಿಲ್ಲುತ್ತವೆ. ಕೆಟ್ಟರೆ ನಿಲ್ಲುವಂತೆ ಯಂತ್ರವನ್ನು ಕಟ್ಟುವ ಈ ಬುದ್ಧಿಯನ್ನು ನಾವು ಸಾಫ್ಟ್‌ವೇರಿನಲ್ಲಿ ಹೊಸ ಪಾಠ ಎಂಬಂತೆ ಕಲಿಯುತ್ತೇವೆ. ಆ ಬ್ರೇಕಿನ ಸಿಲಿಂಡರಿನೊಳಗೆ ಒಂದು ರಬ್ಬರ್ ಬಳೆ ಇರುತ್ತದೆ. ಅದು ಒಣಗಿ ಸೀಳಿದರೆ ಇಡೀ ಗಾಡಿ ಪ್ರದರ್ಶನದ ಗೊಂಬೆ. ಇಂಥ ಬಳೆ, ಇಂಥ ಬೇರಿಂಗ್ ಇವತ್ತು ಅಂಗಡಿಯಲ್ಲಿ ಸಿಗುವ ವಸ್ತುವಲ್ಲ. ಯಾರಾದರೂ ಅಳತೆ ತೆಗೆದು ಮಾಡಿಕೊಡಬೇಕು.

ಉಳಿದದ್ದು ಕಬ್ಬಿಣ ಮತ್ತು ಮರದ ಜಗಳ. ಮರದ ಹಲಗೆ ಉಕ್ಕಿನ ಚೌಕಟ್ಟನ್ನು ಮುಟ್ಟುವ ಕಡೆ ನೀರು ನಿಂತು, ಮೇಲೆ ಬಣ್ಣ ಫಳಫಳ ಎನ್ನುತ್ತಿದ್ದರೂ ಒಳಗೆ ತುಕ್ಕು ತಿನ್ನುತ್ತಿರುತ್ತದೆ. ಗುಜರಾತಿನ ಬೇಸಿಗೆಯಲ್ಲಿ ಹಲಗೆ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಬಯಲಿನಲ್ಲಿ ನಿಲ್ಲಿಸಿ ವರ್ಷಕ್ಕೊಮ್ಮೆ ಎನಾಮಲ್ ಪೇಂಟ್ ಬಳಿದರೆ ವ್ಯಾಗನ್ ಉಳಿಯುವುದಿಲ್ಲ. ಕಟ್ಟಿದ ಕಂಪನಿಯ ಹೆಸರು, ಇಸವಿ, ಗಾಡಿಯ ನಂಬರು ಇರುವ ತಗಡು ಕೂಡ ಬಣ್ಣದ ಪದರದಡಿ ಮುಚ್ಚಿಹೋಗುತ್ತದೆ. ಸರಿಯಾದ ದುರಸ್ತಿ ಎಂದರೆ ಹಲಗೆ ಬಿಚ್ಚುವುದು, ತುಕ್ಕು ಕೆರೆಯುವುದು, ಸತ್ತ ರಿವೆಟ್ ತೆಗೆದು ಕೆಂಪಗೆ ಕಾಯಿಸಿದ ಹೊಸ ರಿವೆಟ್ ಬಡಿಯುವುದು, ಬಿಚ್ಚಿದ ಪ್ರತಿಯೊಂದನ್ನೂ ಬರೆದಿಡುವುದು. ಬಡಗಿ, ಕಮ್ಮಾರ, ಫಿಟ್ಟರ್, ಗುಮಾಸ್ತ ನಾಲ್ವರ ಕೆಲಸ.

ಈ ಕೈಗಳಿಗೆ ಕೆಲಸವಿದ್ದದ್ದು ಸಣ್ಣ ರೈಲು ಓಡುತ್ತಿದ್ದ ತನಕ. ಒಂದೊಂದೇ ದಾರಿ ಬ್ರಾಡ್‌ಗೇಜ್ ಆಗುತ್ತ ಬಂತು. ಇದನ್ನು ದೂರುವಂತಿಲ್ಲ. ಛೋಟಾ ಉದೇಪುರದ ಆದಿವಾಸಿ ಹಳ್ಳಿಯಿಂದ ವಡೋದರಾದ ಆಸ್ಪತ್ರೆಗೋ ಕಾಲೇಜಿಗೋ ಬರುವವರಿಗೆ ವೇಗದ ರೈಲು ಬೇಕು. ನಮ್ಮ ನಾಸ್ಟಾಲ್ಜಿಯಾಕ್ಕಾಗಿ ಅವರು ಆಮೆಯ ನಡಿಗೆಯ ರೈಲಿನಲ್ಲಿ ಕೂರಬೇಕಿಲ್ಲ. ಕಷ್ಟವಿರುವುದು ಉಳಿಸುತ್ತೇವೆ ಎಂದು ಹೇಳಿದ್ದನ್ನು ಹೇಗೆ ಉಳಿಸುತ್ತೇವೆ ಎಂಬಲ್ಲಿ. 2018ರಲ್ಲಿ ರೈಲ್ವೆ ಸಚಿವಾಲಯ ಗುಜರಾತಿನ ಐದು ನ್ಯಾರೋಗೇಜ್ ದಾರಿಗಳನ್ನು, ಒಟ್ಟು 204 ಕಿಲೋಮೀಟರು, ಪರಂಪರೆ ಎಂದು ಕಾಪಾಡುವ ತೀರ್ಮಾನ ಮಾಡಿತು. ದಭೋಯಿ–ಮಿಯಾಗಾಂ, ಮಿಯಾಗಾಂ–ಮಾಲ್ಸರ್, ಚೋರಂದಾ–ಮೋಟಿ ಕೋರಲ್, ಪ್ರತಾಪನಗರ–ಜಂಬೂಸರ್, ಬಿಲಿಮೋರಾ–ವಘಈ. ಎರಡೇ ವರ್ಷಕ್ಕೆ, 2020ರ ಡಿಸೆಂಬರಿನಲ್ಲಿ, ಇವುಗಳಲ್ಲಿ ಮೂರು ನಷ್ಟದ ದಾರಿಗಳೆಂದು ಮುಚ್ಚುವ ಪಟ್ಟಿಗೆ ಸೇರಿದವು. ಜನ ಗಲಾಟೆ ಮಾಡಿದರು. 2021ರ ಸೆಪ್ಟೆಂಬರಿನಲ್ಲಿ ಬಿಲಿಮೋರಾ–ವಘಈ ರೈಲು ಮತ್ತೆ ಹೊರಟಿತು, ಒಂದು ಎ.ಸಿ. ಬೋಗಿಯ ಸಮೇತ.

ಅದೇ 2021ರ ಜನವರಿಯಲ್ಲಿ ದಭೋಯಿ–ಚಾಂದೋದ್ ದಾರಿ ಬ್ರಾಡ್‌ಗೇಜ್ ಆಗಿ, ಸರ್ದಾರ್ ಪಟೇಲರ ಪ್ರತಿಮೆಯಿರುವ ಕೇವಡಿಯಾದವರೆಗೆ ಮುಂದುವರಿದು ಉದ್ಘಾಟನೆಯಾಗಿತ್ತು. 2023ರ ಅಕ್ಟೋಬರ್ 31ರಂದು ಈ ದಾರಿಯಲ್ಲಿ ಒಂದು ಹೆರಿಟೇಜ್ ರೈಲಿಗೆ ಹಸಿರು ನಿಶಾನೆ ಸಿಕ್ಕಿತು. ಅಹಮದಾಬಾದಿಗೂ ಏಕತಾ ನಗರಕ್ಕೂ ನಡುವೆ ಓಡಲೆಂದು ತಂದ ಆ ರೈಲಿನ ಮುಂದೆ ಇರುವುದು ಉಗಿ ಎಂಜಿನ್ನಿನ ಆಕಾರ, ಒಳಗೆ ವಿದ್ಯುತ್ ಮೋಟಾರು. ಬೋಗಿಗಳು ಸುಂದರವಾಗಿವೆ, ಮಕ್ಕಳಿಗೆ ಖುಷಿಯಾಗುತ್ತದೆ, ಅದು ತಪ್ಪೇನಲ್ಲ. ಆದರೆ ಗಾಯಕವಾಡರ ನಿಜವಾದ ಉಗಿರೈಲು ಓಡಿದ ಜಾಡಿನ ಮೇಲೆಯೇ ಉಗಿಯ ವೇಷ ಓಡುವಾಗ, ಪರಂಪರೆ ಎಂಬ ಮಾತಿಗೆ ನಾವು ಕೊಟ್ಟಿರುವ ಅರ್ಥ ಇಷ್ಟೇ ಎನಿಸುತ್ತದೆ.

ಬೇರೆ ದಾರಿಯೂ ಇದೆ. ವೇಲ್ಸಿನ ತಾಲಿಲ್ಲಿನ್ ಎಂಬ ಕಲ್ಲುಗಣಿಯ ಸಣ್ಣ ರೈಲು ಮುಚ್ಚುವ ಹಂತಕ್ಕೆ ಬಂದಾಗ ಊರಾಚೆಯ ಉತ್ಸಾಹಿಗಳು 1950ರಲ್ಲಿ ಸಂಘ ಕಟ್ಟಿ, 1951ರಿಂದ ತಾವೇ ಓಡಿಸತೊಡಗಿದರು. ಸ್ವಯಂಸೇವಕರು ಉಳಿಸಿಕೊಂಡ ಜಗತ್ತಿನ ಮೊದಲ ರೈಲು ಅದು. ಅದೇ ವೇಲ್ಸಿನಲ್ಲಿ ವೆಲ್ಷ್‌ಪೂಲ್ ಎಂಬಲ್ಲಿ ನಮ್ಮ ದಭೋಯಿಯದೇ ಅಳತೆಯ, ಎರಡೂವರೆ ಅಡಿಯ ರೈಲೊಂದಿದೆ. 1956ರಲ್ಲಿ ಮುಚ್ಚಿದ್ದನ್ನು ಸ್ವಯಂಸೇವಕರು 1963ರಲ್ಲಿ ತೆರೆದರು. ಬೋಗಿಗಳು ಸಾಲದಿದ್ದಾಗ ಆಸ್ಟ್ರಿಯಾದಿಂದ ತಂದರು, ರೈಲು ನಿಂತುಹೋದ ಆಫ್ರಿಕದ ಸಿಯೆರಾ ಲಿಯೋನ್‌ನಿಂದ ಎಂಜಿನ್ನೂ ಬೋಗಿಗಳೂ ಹಡಗಿನಲ್ಲಿ ಬಂದವು. ಅಳತೆ ಒಂದೇ ಆದ್ದರಿಂದ ಇದು ಸಾಧ್ಯವಾಯಿತು. ಅಲ್ಲಿ ಮೇಷ್ಟ್ರು, ಬ್ಯಾಂಕಿನವರು, ನಿವೃತ್ತರು ವಾರಾಂತ್ಯದಲ್ಲಿ ಬಂದು ಕೈ ಮಸಿ ಮಾಡಿಕೊಳ್ಳುತ್ತಾರೆ. ಹಳಬರು ಹೊಸಬರಿಗೆ ಕಲಿಸುತ್ತಾರೆ. ವ್ಯಾಗನ್ ಉಳಿಯುತ್ತದೆ, ಅದರ ಜೊತೆ ಕಸುಬೂ ಉಳಿಯುತ್ತದೆ.

ನಮ್ಮಲ್ಲಿ ರೈಲು ಸರ್ಕಾರದ್ದು. ದಾರಿ ಮುಚ್ಚಿದರೆ ಕಂಬಿ, ಗಾಡಿ ಎಲ್ಲ ಗುಜರಿಯ ಹರಾಜಿಗೆ ಹೋಗುತ್ತವೆ. ಊರಿನ ಸಂಘವೊಂದು ಅದನ್ನು ವಹಿಸಿಕೊಳ್ಳುವ ರೂಢಿ ಬೆಳೆದಿಲ್ಲ. ಹಾಗೆಂದು ಏನೂ ಆಗಿಲ್ಲವೆಂದಲ್ಲ. 1855ರಲ್ಲಿ ತಯಾರಾದ ಫೇರಿ ಕ್ವೀನ್ ಎಂಜಿನ್ನನ್ನು 1997ರಲ್ಲಿ ಮತ್ತೆ ಓಡಿಸಿದ್ದು ರೈಲ್ವೆಯ ಕೆಲಸಗಾರರೇ. ಮೈಸೂರಿನಲ್ಲಿ 1979ರಿಂದ ರೈಲು ಮ್ಯೂಸಿಯಂ ಇದೆ, ಅಲ್ಲಿಯ ಮಹಾರಾಣಿಯ ಸಲೂನನ್ನು ಶಾಲೆಯ ಪ್ರವಾಸದಲ್ಲಿ ನೋಡದ ಕನ್ನಡಿಗರು ಕಡಿಮೆ. ಪ್ರತಾಪನಗರದಲ್ಲೂ ದಭೋಯಿಯಲ್ಲೂ ನ್ಯಾರೋಗೇಜ್ ಗಾಡಿಗಳನ್ನು ಜೋಡಿಸಿಟ್ಟಿದ್ದಾರೆ. ಆದರೆ ಇವೆಲ್ಲವೂ ನೋಡುವ ಜಾಗಗಳು. ಒಬ್ಬ ಹುಡುಗ ಬಂದು, ಈ ಬೇರಿಂಗ್ ಬಿಚ್ಚಲು ನನಗೂ ಕಲಿಸಿ ಎಂದರೆ ಅವನನ್ನು ಒಳಗೆ ಬಿಡುವ ಬಾಗಿಲು ಬೇಕು.

ಆ ಬಾಗಿಲಿಗೆ ಕಾನೂನು ಬದಲಾಗುವ ತನಕ ಕಾಯಬೇಕಿಲ್ಲ. ಓಡುವ ಹಳಿಯ ಮೇಲೆ ಹೊರಗಿನವರನ್ನು ಬಿಡಲಾಗದು, ಒಪ್ಪೋಣ. ನಿಂತ ವ್ಯಾಗನ್ನಿಗೆ ಆ ಭಯವಿಲ್ಲ. ಒಂದು ಷೆಡ್ಡು, ಒಂದು ವ್ಯಾಗನ್, ಕಲಿಸಲು ಇಬ್ಬರು ನಿವೃತ್ತರು, ತಿಂಗಳಿಗೆ ಎರಡು ಭಾನುವಾರ. ವಡೋದರಾದಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬರವಿಲ್ಲ. ರೈಲ್ವೆಯ ಅಧಿಕಾರಿಗಳಿಗೆ ತರಬೇತಿ ಕೊಡುವ ಸಂಸ್ಥೆಯೂ 1952ರಲ್ಲಿ ಶುರುವಾದದ್ದು ಇದೇ ಊರಿನ ಲಾಲ್‌ಬಾಗಿನ ಅರಮನೆಯಲ್ಲಿ. ಕೇಳುವವರು ಬೇಕು.

ನಮ್ಮ ಆಫೀಸುಗಳಲ್ಲಿ ಒಬ್ಬ ಕೆಲಸ ಬಿಟ್ಟು ಹೋಗುವಾಗ ತನಗೆ ಗೊತ್ತಿರುವುದನ್ನೆಲ್ಲ ಇನ್ನೊಬ್ಬನಿಗೆ ದಾಟಿಸದೆ ಹೋಗುವಂತಿಲ್ಲ. ಅದಕ್ಕೆಂದೇ ವಾರಗಟ್ಟಲೆ ಸಮಯ ಇಡುತ್ತೇವೆ. ಎತ್ತಿನಿಂದ ಶುರುವಾಗಿ ಉಗಿ, ಡೀಸೆಲ್ ಕಂಡ ಒಂದೂವರೆ ಶತಮಾನದ ಕಸುಬಿಗೆ ಅಷ್ಟು ಸಮಯವನ್ನೂ ಯಾರೂ ಇಟ್ಟಿಲ್ಲ. ಕಾಕಾ ಹೇಳಿದ್ದು ನಮ್ಮ ಮೂರು ನೋಟುಪುಸ್ತಕಗಳಲ್ಲಿದೆ, ಚಿತ್ರಗಳೂ ಅಳತೆಗಳೂ ಸೇರಿ. ಅದು ಗುಜರಾತಿಯಲ್ಲಿ ಕೇಳಿ ಕನ್ನಡದಲ್ಲಿ ಬರೆದ ಬರಹ. ಅದನ್ನು ಮತ್ತೆ ಗುಜರಾತಿಗೆ ತಿರುಗಿಸುವ ಕೆಲಸ ನಡೆದಿದೆ. ಈ ಊರುಗಳಲ್ಲಿರುವ ಓದುಗರಿಗೆ ಹಳೆಯ ರೈಲ್ವೆ ಕೆಲಸಗಾರರು ಯಾರಾದರೂ ಗೊತ್ತಿದ್ದರೆ ಒಂದು ಭಾನುವಾರ ಅವರ ಬಳಿ ಹೋಗಿ ಕೂತು ಬನ್ನಿ. ಪೆನ್ನು ತೆಗೆದುಕೊಂಡು ಹೋಗಿ.